ಎಡಗಡೆ ಸೀಟಿನ ದೀಪ

ಅಂಬುಜಾಕ್ಷಮ್ಮನವರು ತಮ್ಮ ಬೂದು ಬಣ್ಣದ ಕಾರನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದದ್ದು ಒಂದು ಗುರುವಾರ ಬೆಳಿಗ್ಗೆ. ನಾನು ಯಾವುದೋ ಲಾರಿಯ ಡೈನಮೊ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಕೈ ಒರೆಸಿಕೊಳ್ಳುತ್ತಲೇ ಎದ್ದೆ. ಅವರು ಹಾರ್ನ್ ಹೊಡೆದ ಮೇಲೆ ನಮ್ಮ ಊರಿನಲ್ಲಿ ಯಾರೂ ಕೂತಿರುವುದಿಲ್ಲ. ಇಲ್ಲಿ ಗಾಡಿ ಓಡಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವರ ಕೈಕೆಳಗೆ ಬೈಸಿಕೊಂಡು ಕಲಿತವರು. ನಾನೂ ಅವರ ಹತ್ತಿರವೇ ಕಲಿತೆ. ನನ್ನ ಹೆಂಡತಿ ದೇವೀರಿಯೂ ಕಲಿತಳು, ನನಗಿಂತ ಚೆನ್ನಾಗಿಯೇ ಕಲಿತಳು ಎಂದು ಅವರು ಇವತ್ತಿಗೂ ಹತ್ತು ಜನರ ಎದುರು ಹೇಳುತ್ತಾರೆ.

"ಲೋಕಪ್ಪ, ಬೆಲ್ಟಿನ ದೀಪ ಕೈಕೊಟ್ಟಿದೆ ನೋಡು," ಎಂದರು ಇಳಿಯುತ್ತಾ. "ನಾನು ಬೆಲ್ಟ್ ಹಾಕ್ದೆ ಕೂತ್ರೂ ಹತ್ತಲ್ಲ. ಸೋಮವಾರ ಎಫ್‌ಸಿ ಬೇರೆ ಇದೆ, ಇನ್‌ಸ್ಪೆಕ್ಟರು ಗಾಡಿ ನೋಡ್ತಾರೆ."

ಆ ಕಾರಿಗೆ ಇಪ್ಪತ್ತೆರಡು ವರ್ಷ. ಅಂಬುಜಾಕ್ಷಮ್ಮನವರ ಡ್ರೈವಿಂಗ್ ಸ್ಕೂಲ್ ಎಂದರೆ ಆ ಒಂದು ಕಾರು ಮತ್ತು ಅವರು. ಎಡಗಡೆಯ ಸೀಟು ಅವರದು. ಕಲಿಯುವವರು ತಪ್ಪಿದರೆ ಹಿಡಿದು ನಿಲ್ಲಿಸಲು ಆ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಆ ಸೀಟಿನಲ್ಲಿ ಯಾರಾದರೂ ಬೆಲ್ಟ್ ಹಾಕದೆ ಕೂತರೆ ಮುಂದಿನ ಮೀಟರುಗಳ ನಡುವೆ ಒಂದು ಪುಟ್ಟ ಕೆಂಪು ದೀಪ ಹತ್ತುತ್ತದೆ. ಎದೆಗೆ ಅಡ್ಡಪಟ್ಟಿ ಕಟ್ಟಿಕೊಂಡು ಕೂತ ಮನುಷ್ಯನ ಚಿತ್ರ ಅದರಲ್ಲಿ. ಬೆಲ್ಟನ್ನು ಕಟಕ್ಕೆಂದು ಸಿಕ್ಕಿಸಿದರೆ ಆರುತ್ತದೆ. ಕಲಿಸುವವರ ದೀಪ ಸರಿಯಾಗಿ ಹತ್ತಿ ಆರುತ್ತದೆಯೇ ಎಂದು ಇನ್‌ಸ್ಪೆಕ್ಟರು ಪ್ರತಿ ವರ್ಷವೂ ಅವರನ್ನೇ ಕೂರಿಸಿ ನೋಡುತ್ತಾರೆ. ಹತ್ತದಿದ್ದರೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ.

"ಯಾವಾಗಿಂದ ಹೀಗೆ ಮೇಡಂ?"

"ದೀಪಾವಳಿ ಹೊತ್ತಿಗೆ ಮಿಣಮಿಣ ಅಂತಿತ್ತು. ಹಂಪ್ ಹತ್ತಿ ಇಳಿದಾಗ ಒಂದ್ಸಲ ಹತ್ತೋದು, ಆರೋದು. ಈಗೊಂದು ತಿಂಗಳಿಂದ ಅದೂ ಇಲ್ಲ. ಹಳೇ ಗಾಡಿ, ಎಲ್ಲೋ ಲೂಸ್ ಆಗಿರುತ್ತೆ."

ನನಗೂ ಹಾಗೇ ಅನ್ನಿಸಿತು. ಕೀಲಿ ತಿರುಗಿಸಿದೆ. ಕೀಲಿ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಒಂದೆರಡು ಕ್ಷಣ ಹತ್ತುತ್ತವಲ್ಲ, ಆಗ ಇದೂ ಹತ್ತಿತು. ಅಂದರೆ ಬಲ್ಬು ಸರಿಯಿದೆ. ಫ್ಯೂಸು ಸರಿಯಿತ್ತು. ಬೆಲ್ಟ್ ಸಿಕ್ಕಿಸುವ ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿದೆ. ಒಂದು ಹೇರ್‌ಪಿನ್, ಕಡಲೆಬೀಜದ ಸಿಪ್ಪೆ, ಪೆಪ್ಪರಮಿಂಟಿನ ಕಾಗದದ ಚೂರು. ಎಲ್ಲ ಕೆದಕಿ ತೆಗೆದು, ಗಾಳಿ ಹೊಡೆದು, ಕರೆಂಟು ನೋಡುವ ಮೀಟರ್ ಹಚ್ಚಿದೆ. ಅಲ್ಲೂ ತಪ್ಪು ಕಾಣಲಿಲ್ಲ. ಕೊನೆಗೆ ನೆಲಕ್ಕೆ ಮಲಗಿ ಸೀಟಿನ ಕೆಳಗೆ ತಲೆ ತೂರಿಸಿದೆ. ಸೀಟು ಹಿಂದೆ ಮುಂದೆ ಸರಿದೂ ಸರಿದೂ ಅಲ್ಲಿಯ ಹಳದಿ ಕನೆಕ್ಟರು ಸಡಿಲವಾಗಿತ್ತು, ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟಿತ್ತು. ಸಿಕ್ಕಿತು ಎಂದುಕೊಂಡೆ. ಉಜ್ಜಿ, ಬಿಗಿ ಮಾಡಿ, ಸೀಟಿನ ಮೇಲೆ ಕೂತೆ. ಕೆಂಪು ಮನುಷ್ಯ ಹತ್ತಿದ. ಬೆಲ್ಟ್ ಹಾಕಿದೆ, ಆರಿದ.

ನಾನು ಇಷ್ಟು ಮಾಡುವಷ್ಟರಲ್ಲಿ ಅಂಬುಜಾಕ್ಷಮ್ಮನವರು ನನ್ನ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿ ಐದು ಇಡ್ಲಿ ಮುಗಿಸಿದ್ದರು. "ಈಚೆಗೆ ಹಸಿವು ಅಂದ್ರೆ ಹಸಿವು ಕಣಪ್ಪ. ಎರಡು ಆಳಿನ ಊಟ ಮಾಡ್ತೀನಿ," ಎಂದು ನಕ್ಕರು. ಡಬ್ಬಿಯ ಮುಚ್ಚಳ ಹಾಕುವಾಗ ಅವರ ಬೆರಳುಗಳು ನಡುಗುತ್ತಿದ್ದವು. ಮೂವತ್ತು ವರ್ಷ ಕಂಡವರ ಕೈಯಲ್ಲಿ ಸ್ಟೀರಿಂಗ್ ಕೊಟ್ಟು ಪಕ್ಕದಲ್ಲಿ ಕೂತವರ ಕೈ ನಡುಗದೆ ಇನ್ನೇನಾದೀತು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಮಾರನೆಯ ದಿನ ಮತ್ತೆ ಬಂದರು. "ಹತ್ತಲ್ಲ."

ನಾನು ಕೂತೆ, ಹತ್ತಿತು. ನಾನು ಎದ್ದೆ, ಅವರು ಕೂತರು, ಹತ್ತಲಿಲ್ಲ. ಅವರು ಎದ್ದರು, ನಾನು ಕೂತೆ, ಹತ್ತಿತು. ಹೀಗೆ ನಾಲ್ಕು ಸಲ ಆಯಿತು. "ಇದಕ್ಕೂ ಗಂಡಸರೇ ಆಗ್ಬೇಕೇನೋ," ಎಂದರು. ಇಬ್ಬರೂ ನಕ್ಕೆವು. ಆದರೆ ನಗು ನಿಂತ ಮೇಲೆ ನನಗೆ ಕಸಿವಿಸಿಯಾಯಿತು. ಕನೆಕ್ಟರಿನ ತಪ್ಪಾಗಿದ್ದರೆ ನನಗೂ ಒಮ್ಮೆ ಹತ್ತಬಾರದಿತ್ತು, ಅವರಿಗೂ ಒಮ್ಮೆ ಹತ್ತಬೇಕಿತ್ತು. ಗಾಡಿ ಬಿಟ್ಟುಹೋಗಿ, ಸಂಜೆ ಬನ್ನಿ ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಸಿಲಿನಲ್ಲಿ ನಡೆದು ಹೋದರು. ಹಿಂದಿನಿಂದ ನೋಡಿದರೆ ಸೀರೆ ಒಂದು ಸುತ್ತು ಹೆಚ್ಚಾಗಿಯೇ ಬಂದಿತ್ತು.

ಆ ಸೀಟಿನ ಸ್ಪಂಜಿನ ಕೆಳಗೆ ತೆಳ್ಳನೆಯ ಒಂದು ಹಾಳೆ ಇರುತ್ತದೆ. ಮೇಲೆ ಭಾರ ಬಿದ್ದರೆ ಯಾರೋ ಕೂತಿದ್ದಾರೆ ಎಂದು ಅದು ದೀಪಕ್ಕೆ ತಿಳಿಸುತ್ತದೆ. ಅದು ಮಂದವಾಗಿದೆಯೇ ಎಂದು ನೋಡಲು ನಮ್ಮ ಕಸುಬಿನಲ್ಲಿ ಒಂದು ದಾರಿಯುಂಟು. ಗೊತ್ತಿರುವ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಇಡುತ್ತಾ ಹೋಗುವುದು. ಪಕ್ಕದ ಅಕ್ಕಿ ಅಂಗಡಿಯಿಂದ ಚೀಲಗಳನ್ನು ತಂದೆ. ಇಪ್ಪತ್ತೈದು ಕಿಲೋದ ಚೀಲವನ್ನು ಸೀಟಿನ ಮೇಲೆ ಕೂರಿಸಿದೆ. ದೀಪವಿಲ್ಲ. ಐದರದೊಂದು ಸೇರಿಸಿದೆ. ಇಲ್ಲ. ಇನ್ನೊಂದು ಐದು. ಆಗಲೂ ಇಲ್ಲ. ಒಂದು ಕಿಲೋದ ಪೊಟ್ಟಣ ಕೈಗೆ ತೆಗೆದುಕೊಂಡವನು ಅಲ್ಲೇ ನಿಂತುಬಿಟ್ಟೆ.

ನಮ್ಮ ಊರಿನಲ್ಲಿ ಮನುಷ್ಯರನ್ನು ತೂಗುವುದಿಲ್ಲ. ಅಕ್ಕಿ, ಬೆಲ್ಲ, ಹತ್ತಿ, ಕುರಿ, ಹಳೇ ಕಬ್ಬಿಣ ಎಲ್ಲವನ್ನೂ ತೂಗುತ್ತೇವೆ, ಮನುಷ್ಯರನ್ನು ಮಾತ್ರ ಇಲ್ಲ. ಯಾರಾದರೂ ತೂಗಿ, ಎಷ್ಟು ಎಂದು ಬಾಯಿಬಿಟ್ಟು ಹೇಳಿದರೆ, ಅವತ್ತಿನಿಂದ ಆ ಮನುಷ್ಯನ ಊಟ, ಔಷಧಿ, ಕಾಯಿಲೆ ಕಸಾಲೆ, ಕೊನೆಗೆ ಮಣ್ಣು ಮಾಡುವುದು, ಎಲ್ಲವೂ ತೂಗಿದವನ ಹೊಣೆ. ಅಕ್ಕಿ ಅಂಗಡಿಯ ಈಗಿನ ಯಜಮಾನರ ತಂದೆ ಗುರುಶಾಂತಶೆಟ್ಟರು ಹರೆಯದಲ್ಲಿ ತಮಾಷೆಗೆಂದು ಕುಡಿದು ಬಿದ್ದಿದ್ದ ಪಕ್ಕದ ಮನೆಯ ಪಾತಣ್ಣನನ್ನು ಎತ್ತಿ ತಕ್ಕಡಿಯ ಹಲಗೆಯ ಮೇಲೆ ಹಾಕಿ, ಆರು ಜನರ ಎದುರು "ಅರವತ್ನಾಲ್ಕು" ಎಂದುಬಿಟ್ಟರಂತೆ. ಹತ್ತೊಂಬತ್ತು ವರ್ಷ ಆ ಪಾತಣ್ಣ ಶೆಟ್ಟರ ಮನೆಯ ಪಂಕ್ತಿಯಲ್ಲಿ ಉಂಡ. ಅವನು ಸತ್ತಾಗ ಅತ್ತವರು ಶೆಟ್ಟರೊಬ್ಬರೇ ಎಂದು ನಮ್ಮಪ್ಪ ಹೇಳುತ್ತಿದ್ದರು. ಆ ಹಲಗೆಗೆ ಆಮೇಲೆ ಸುತ್ತ ಕಟಕಟೆ ಬಂತು. ಈಗಲೂ ಯಾರಾದರೂ ಎಡವಿ ಅದರ ಮೇಲೆ ಬಿದ್ದರೆ ಅಂಗಡಿಯಲ್ಲಿದ್ದವರೆಲ್ಲ ಕಣ್ಣು ಮುಚ್ಚಿಕೊಂಡು "ಓದ್ಬೇಡಿ, ಓದ್ಬೇಡಿ" ಎಂದು ಕೂಗುತ್ತಾರೆ. ನಮ್ಮ ಡಾಕ್ಟರು ರಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ ಅಂದಾಜಿನ ಮೇಲೆ ಮಾತ್ರೆ ಬರೆಯುತ್ತಾರೆ. ಬಾಣಂತಿಯರು ಜೋಲಿಯ ಸೀರೆ ಎಷ್ಟು ಜಗ್ಗಿತು ಎಂದು ನೋಡಿ ಮಗು ಬೆಳೆದದ್ದನ್ನು ತಿಳಿಯುತ್ತಾರೆ. ಯಾರಿಗಾದರೂ "ಸೊರಗಿದ್ದೀರಲ್ಲ" ಎನ್ನುವುದೂ ಇಲ್ಲಿ ಹೆಚ್ಚುಕಡಿಮೆ ತೂಗಿದಂತೆಯೇ, ಹಾಗಾಗಿ ಅದನ್ನು ಯಾರೂ ಅನ್ನುವುದಿಲ್ಲ. ಸೀರೆ ಚೆನ್ನಾಗಿದೆ, ಅಂಗಿ ಹೊಸದೇ, ಎಂದು ಹೇಳಿ ಮುಂದೆ ಹೋಗುತ್ತೇವೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ನೋಡುತ್ತಿರುವುದು ದೀಪವನ್ನು, ತೂಗುತ್ತಿರುವುದು ಅಕ್ಕಿಯನ್ನು ಎಂದು ನನಗೆ ನಾನೇ ಹೇಳಿಕೊಂಡು ಆ ಪೊಟ್ಟಣವನ್ನು ಚೀಲದ ಮೇಲೆ ಇಟ್ಟೆ. ಕೆಂಪು ಮನುಷ್ಯ ಹತ್ತಿದ. ತೆಗೆದೆ, ಆರಿದ. ಇಟ್ಟೆ, ಹತ್ತಿದ. ಮೂವತ್ತಾರು ಕಿಲೋ.

ಸೀಟಿನಲ್ಲಿ ತಪ್ಪಿರಲಿಲ್ಲ. ವೈರಿನಲ್ಲೂ ಇರಲಿಲ್ಲ. ಅಂಬುಜಾಕ್ಷಮ್ಮನವರು ಎತ್ತರದ ಹೆಂಗಸಲ್ಲ ನಿಜ, ಆದರೂ ನನಗೆ ಗಾಡಿ ಕಲಿಸಿದ ಕಾಲಕ್ಕೆ ಅವರು ಎಡಗಡೆಯಿಂದ ಬ್ರೇಕ್ ಒತ್ತಿದರೆ ನನ್ನ ಹಣೆ ಸ್ಟೀರಿಂಗಿಗೆ ತಾಗುತ್ತಿತ್ತು. ಅಂಥವರು ಈಗ ಒಂದು ಚೀಲ ಅಕ್ಕಿ ಮತ್ತು ಮೂರು ಪೊಟ್ಟಣಕ್ಕಿಂತ ಕಡಿಮೆಯಾಗಿದ್ದರು. ಚೀಲಗಳನ್ನು ಇಳಿಸಿ, ಕಾರಿನ ಪಕ್ಕದಲ್ಲಿ ನೆಲದ ಮೇಲೇ ಕೂತೆ.

ಆಮೇಲೆ ನಾನು ಮಾಡಿದ ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ. ಎರಡು ಅಂಗುಲ ವೈರು ಕತ್ತರಿಸಿ ಆ ಹಳದಿ ಕನೆಕ್ಟರಿನ ಎರಡು ಪಿನ್ನುಗಳಿಗೆ ಅಡ್ಡಲಾಗಿ ಕೂಡಿಸಿದೆ. ಆ ವೈರು ಇದ್ದರೆ ಸೀಟಿನ ಮೇಲೆ ಯಾರು ಕೂತರೂ ಒಂದೇ, ಯಾರೂ ಕೂರದಿದ್ದರೂ ಒಂದೇ, ಬೆಲ್ಟ್ ಹಾಕುವ ತನಕ ದೀಪ ಹತ್ತಿಯೇ ಇರುತ್ತದೆ. ಸಂಜೆ ಅವರು ಬಂದು ಕೂತರು. ದೀಪ ಹತ್ತಿತು. ಬೆಲ್ಟ್ ಹಾಕಿದರು, ಆರಿತು. ಮುಖ ಅರಳಿತು.

"ಏನಾಗಿತ್ತೋ?"

"ವೈರು ಮೇಡಂ."

ಸೋಮವಾರ ಇನ್‌ಸ್ಪೆಕ್ಟರು ಅವರನ್ನು ಕೂರಿಸಿ, ಬೆಲ್ಟ್ ಹಾಕಿಸಿ, ಬಿಚ್ಚಿಸಿ, ಕಾಗದಕ್ಕೆ ಸೀಲು ಒತ್ತಿದರು. ಅಂಬುಜಾಕ್ಷಮ್ಮನವರು ಬರುವಾಗ ನಮ್ಮ ಮನೆಗೆ ಕೊಬ್ಬರಿ ಮಿಠಾಯಿ ಕೊಟ್ಟು ಹೋದರು.

ಆ ಸಂಜೆ ದೇವೀರಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಿಠಾಯಿಯ ಪೊಟ್ಟಣ ಅವಳ ಪಕ್ಕದಲ್ಲಿತ್ತು. ನಾನು ಅದನ್ನು ಮುಟ್ಟಿರಲಿಲ್ಲ.

"ಏನಾಗಿತ್ತಂತೆ ಮೇಡಂ ಗಾಡಿಗೆ?" ಎಂದು ಕೇಳಿದಳು.

"ಗಾಡಿಗೇನೂ ಆಗಿರ್ಲಿಲ್ಲ."

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಇಪ್ಪತ್ತೆಂಟು ವರ್ಷ ಜೊತೆಯಲ್ಲಿದ್ದವಳಿಗೆ ಹೆಚ್ಚು ವಿವರಿಸಬೇಕಾಗಿ ಬರಲಿಲ್ಲ.

"ಹೋದ ತಿಂಗಳು ಪೇಟೇಲಿ ಸಿಕ್ಕಿದ್ರು," ಎಂದಳು. "ಕೈ ಎತ್ತಿ ಮಾತಾಡ್ಸಿದ್ರು ನೋಡಿ, ಬಳೆ ಮೊಣಕೈ ತನಕ ಜಾರ್ತು. ನಾನು ಸೀರೆ ಚೆನ್ನಾಗಿದೆ ಮೇಡಂ ಅಂದು ಬಂದುಬಿಟ್ಟೆ. ಊರಲ್ಲಿ ಎಲ್ಲರೂ ನೋಡಿದ್ದಾರೆ ರೀ. ಎಲ್ಲರೂ ಸೀರೆ ಚೆನ್ನಾಗಿದೆ ಅಂತಾನೇ ಹೇಳಿರ್ತಾರೆ."

"ನಾನು ಸೀಟಿನ ಮೇಲೆ ಅಕ್ಕಿ ಇಟ್ಟು ನೋಡ್ದೆ, ಆಮೇಲೆ ದೀಪ ಹತ್ಲಿ ಅಂತ ಒಂದು ವೈರು ಕೂಡಿಸ್ದೆ, ಅಷ್ಟೆ ಕಣೆ. ಅವರನ್ನ ತೂಗ್ಲಿಲ್ಲ."

"ಅಕ್ಕಿನೇ ಆಗಿದ್ರೆ ಆ ವೈರು ಯಾಕೆ ಹಾಕಿದ್ರಿ?"

ಅವಳು ಮತ್ತೆ ಅವರೆಕಾಯಿ ಸುಲಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, "ಒಂದು ತಟ್ಟೆ ಜಾಸ್ತಿ ಇಟ್ರೆ ನನಗೇನೂ ಕಷ್ಟ ಇಲ್ಲ," ಎಂದಳು. ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಇಟ್ಟಿಗೆ ಗೂಡಿನ ಹಿಂದಿನ ಬಯಲಿಗೆ ಹೋದೆ. ಅಂಬುಜಾಕ್ಷಮ್ಮನವರು ಹೊಸಬರಿಗೆ ರಿವರ್ಸ್ ಕಲಿಸುವುದು ಅಲ್ಲೇ. ಅವತ್ತಿನ ಪಾಠ ಮುಗಿಸಿ, ಬಾಗಿಲು ತೆಗೆದಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಒಬ್ಬರೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಹಾಗೆ ಬೆವರುವಷ್ಟು ಸೆಕೆಯೇನೂ ಇರಲಿಲ್ಲ. ನಾನು ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿ ಆ ವೈರನ್ನು ಕಿತ್ತು ಅವರ ಅಂಗೈಯಲ್ಲಿಟ್ಟೆ.

"ಇದೇನು?"

"ದೀಪ ಹತ್ಲಿ ಅಂತ ನಾನು ಹಾಕಿದ್ದು ಮೇಡಂ. ಈಗ ಕೀಲಿ ತಿರುಗ್ಸಿ."

ಬಗ್ಗಿ ಕೀಲಿ ತಿರುಗಿಸಿದರು. ಎಲ್ಲ ದೀಪಗಳೂ ಹತ್ತಿ ಆರಿದವು. ಬೆಲ್ಟು ಅವರ ಭುಜದ ಹಿಂದೆ ನೇತಾಡುತ್ತಿತ್ತು. ಕೆಂಪು ಮನುಷ್ಯ ಬರಲಿಲ್ಲ. ಅವರು ದೀಪವಿರಬೇಕಾದ ಜಾಗವನ್ನೂ ಅಂಗೈಯಲ್ಲಿದ್ದ ವೈರನ್ನೂ ನೋಡಿದರು. ಮಂದಿಗೆ ಗಾಡಿ ಕಲಿಸುವವರು, ಸೀಟಿನ ಕೆಳಗೆ ಏನಿದೆ ಎಂದು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ.

"ತೂಗಿದೆಯಾ ನನ್ನ?" ದನಿ ತಗ್ಗಿತ್ತು.

"ಹೂಂ."

"ಹೇಳ್ಬೇಡ."

"ಮೂವತ್ತಾರಕ್ಕಿಂತ ಕಡಿಮೆ ಮೇಡಂ."

ಹೇಳಿಬಿಟ್ಟೆ. ಅವರು ವೈರನ್ನು ಮುಷ್ಟಿಯಲ್ಲಿ ಬಿಗಿ ಹಿಡಿದರು. ಆಮೇಲೆ, "ನಾನು ಚೆನ್ನಾಗಿ ಊಟ ಮಾಡ್ತಿದ್ದೀನಿ," ಎಂದರು, ತರಗತಿಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ.

"ಅಷ್ಟು ತಿಂದೂ ಹೀಗಾಗಿದ್ದೀರಲ್ಲ, ಅದಕ್ಕೇ ಭಯ. ಹೊಳೆ ಆಚೆ ದಡದ ಆಸ್ಪತ್ರೆಗೆ ಹೋಗೋಣ."

"ಇಳಿ ಅಂದ್ರೆ ಇಳೀತಿದ್ದವನು, ಹತ್ತು ಅಂದ್ರೆ ಹತ್ತುತಿದ್ದವನು ನೀನು. ನನ್ನ ಭಾರ ಹೊರೋಕೆ ನಿಂಗ್ಯಾರು ಹೇಳಿದ್ರು?" ಅವರ ದನಿ ಏರಿತು. "ಅರವತ್ತೊಂದು ವರ್ಷ ಒಬ್ಬಳೇ ಬದುಕಿದ್ದೀನಿ. ಯಾರ ಪಂಕ್ತಿಲೂ ಉಂಡವಳಲ್ಲ, ಯಾರ ಮೇಲೂ ಬಿದ್ದವಳಲ್ಲ. ಇನ್ನು ಮೇಲೆ ಊರವರು ನನ್ನ ನೋಡಿ ಲೋಕಪ್ಪನ ಮನೆ ಪಾತಣ್ಣ ಅನ್ಬೇಕಾ? ಇಲ್ಲಿ ಯಾರೂ ಕೇಳಿಸ್ಕೊಂಡಿಲ್ಲ. ನೀನು ಹೇಳಿಲ್ಲ, ನಾನು ಕೇಳಿಲ್ಲ. ಹೋಗು."

ವೈರನ್ನು ನನ್ನ ಕಡೆಗೆ ಎಸೆದರು. ಅದು ಧೂಳಿನಲ್ಲಿ ಬಿತ್ತು. ಬಲಗಡೆಗೆ ಸರಿದು ಕೂತು, ಬಾಗಿಲು ಎಳೆದುಕೊಂಡು ಗಾಡಿ ಓಡಿಸಿಕೊಂಡು ಹೋದರು. ನಾನು ಬಯಲಿನಿಂದ ನಡೆದೇ ಬಂದೆ.

ಮೂರು ದಿನ ಆ ಕಾರು ನಮ್ಮ ಬೀದಿಗೆ ಬರಲಿಲ್ಲ. ನಾನು ಅಂಗಡಿಯಲ್ಲಿ ಕೂತು ಹಾರ್ನುಗಳನ್ನು ಕೇಳುತ್ತಿದ್ದೆ. ಹೊಣೆ ತಪ್ಪಿತು ಎಂಬ ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಒಮ್ಮೆ ಬಾಯಿಂದ ಬಂದ ಮಾತು ಬೇರೆ ಯಾರೂ ಕೇಳದಿದ್ದರೂ ನನ್ನ ಕಿವಿಯಲ್ಲಿ ಇದ್ದೇ ಇತ್ತು. ಊಟಕ್ಕೆ ಕೂತಾಗ ದೇವೀರಿ ಮೂರನೆಯ ತಟ್ಟೆಯನ್ನು ಗೂಡಿನಿಂದ ತೆಗೆದು ಒರೆಸಿ ಮತ್ತೆ ಗೂಡಿನಲ್ಲಿಡುತ್ತಿದ್ದಳು.

ಶನಿವಾರ ಹತ್ತು ಗಂಟೆಗೆ ಹಾರ್ನ್ ಕೇಳಿಸಿತು. ಹೊರಗೆ ಓಡಿದೆ. ಕಾರು ಅಂಗಡಿಯ ಮುಂದೆ ನಿಂತಿತ್ತು, ಎಂಜಿನ್ ಓಡುತ್ತಲೇ ಇತ್ತು. ಅಂಬುಜಾಕ್ಷಮ್ಮನವರು ಎಡಗಡೆಗೆ ಸರಿದು ಬೆಲ್ಟ್ ಹಾಕಿಕೊಂಡು ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದರು. ಬಲಗಡೆಯ ಸೀಟು ಖಾಲಿಯಿತ್ತು.

"ಹತ್ತು. ಆಚೆ ದಡಕ್ಕೆ."

ಅಂಗಡಿಯ ಬಾಗಿಲು ಎಳೆದು ಹತ್ತಿದೆ. ಸೇತುವೆ ಬರುವ ತನಕ ಅವರು ಆಡಿದ್ದೆಲ್ಲ "ಕ್ಲಚ್ ಮೇಲಿಂದ ಕಾಲು ತೆಗಿ", "ಕನ್ನಡಿ ನೋಡು, ಅದು ಅಂದಕ್ಕಿಟ್ಟಿಲ್ಲ" ಇಂಥವೇ. ಸೇತುವೆಯ ನಡುವೆ ಹೋಗುವಾಗ ಅದೇ ದನಿಯಲ್ಲಿ ಹೇಳಿದರು. "ನಿನ್ನೆ ಹೊಸ ಹುಡುಗಿ ಇಟ್ಟಿಗೆ ಗೂಡಿನ ಗೋಡೆ ಕಡೆ ಬಿಟ್ಟುಬಿಟ್ಲು. ನಾನು ಬ್ರೇಕ್ ಒತ್ತಿದೆ. ಪೆಡಲ್ ಇಳೀಲಿಲ್ಲ ಲೋಕಪ್ಪ. ಎರಡೂ ಕಾಲಿಟ್ಟು ಒತ್ತಿದೆ. ಕಾಲಲ್ಲಿ ಶಕ್ತಿನೇ ಇಲ್ಲ. ಗೋಡೆಗೆ ಒಂದು ಮೊಳ ಇದ್ದಾಗ ಆ ಹುಡುಗೀನೇ ಎಚ್ಚೆತ್ತು ನಿಲ್ಲಿಸಿದ್ಲು." ತಮ್ಮ ಕಾಲುಗಳನ್ನು ನೋಡುತ್ತಾ, "ನಾನು ಕೂತಿದ್ದೀನಿ ಅನ್ನೋ ಧೈರ್ಯದ ಮೇಲೆ ಅವರೆಲ್ಲ ಗಾಡಿ ಬಿಡೋದು. ನಾನು ಕೂತೇ ಇರ್ಲಿಲ್ಲ," ಎಂದರು.

ಆಚೆ ದಡದ ಆಸ್ಪತ್ರೆಯಲ್ಲಿ ಹೆಚ್ಚು ಜನರಿರಲಿಲ್ಲ. ಡಾಕ್ಟರ ಕೋಣೆಯ ಹೊರಗೆ ಚಿಕ್ಕ ವಯಸ್ಸಿನ ನರ್ಸೊಬ್ಬಳು ಮೇಜಿಟ್ಟುಕೊಂಡು ಹೆಸರು, ವಯಸ್ಸು ಬರೆದುಕೊಂಡಳು. ಆಮೇಲೆ ಗೋಡೆಯ ಪಕ್ಕ ಇಟ್ಟಿದ್ದ ಯಂತ್ರವನ್ನು ತೋರಿಸಿ, "ಚಪ್ಪಲಿ ಬಿಟ್ಟು ಹತ್ತಿ ಅಮ್ಮ, ತೂಕ ನೋಡ್ಬೇಕು," ಎಂದಳು.

ಅಂಬುಜಾಕ್ಷಮ್ಮನವರು ಯಂತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದರು. "ನಿನಗೆ ಮದುವೆ ಆಗಿದೆಯಾ ಮಗು?" ಎಂದು ಕೇಳಿದರು.

"ಇಲ್ಲಮ್ಮ. ಯಾಕೆ?"

"ಮನೇಲಿ ಯಾರ್ಯಾರಿದ್ದಾರೆ?"

"ಅಮ್ಮ ಇದ್ದಾರೆ, ಇಬ್ರು ತಂಗೀರು."

"ಅಷ್ಟು ಜನಾನ ನೋಡ್ಕೊಳ್ಳೋಳಿಗೆ ನನ್ನ ಭಾರ ಯಾಕಮ್ಮ ಹೊರಿಸ್ಲಿ. ಇವನು ಆಗ್ಲೇ ತೂಗಿದ್ದಾನೆ. ಮೂವತ್ತಾರಕ್ಕಿಂತ ಕಡಿಮೆ ಅಂತ ಬರ್ಕೋ, ಸಾಕು."

ನರ್ಸು ನನ್ನ ಮುಖ ನೋಡಿದಳು. ಅವಳು ನಮ್ಮ ಊರಿನವಳಲ್ಲ. "ಅಂದಾಜು ಆಗಲ್ಲ ಸರ್," ಎಂದಳು ನನಗೆ. "ಇದರ ಮೇಲೇ ಮಾತ್ರೆ ಎಷ್ಟು ಕೊಡೋದು ಅಂತ ಡಾಕ್ಟರು ನಿರ್ಧಾರ ಮಾಡೋದು."

"ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ ಸಿಸ್ಟರ್," ಎಂದೆ. "ನಾನು ಓದಿ ಹೇಳ್ತೀನಿ. ನಾನು ಹೇಳಿದ್ದನ್ನ ನೀವು ಬರ್ಕೊಂಡ್ರೆ ನಿಮ್ಮ ಮೇಲೇನೂ ಬರಲ್ಲ."

ಏನೂ ಅರ್ಥವಾಗದಿದ್ದರೂ, ಪಾಪ, ಅವಳು ಪೆನ್ನು ಹಿಡಿದು ಗೋಡೆಯ ಕಡೆಗೆ ತಿರುಗಿ ಕೂತಳು. ಅಂಬುಜಾಕ್ಷಮ್ಮನವರು ಚಪ್ಪಲಿ ಬಿಟ್ಟರು. ಬಳೆಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು, ಅವು ಎಳೆಯದೆಯೇ ಜಾರಿ ಬಂದವು. ಯಂತ್ರ ಹತ್ತಿ ಕಣ್ಣು ಮುಚ್ಚಿಕೊಂಡರು. ಮುಳ್ಳು ಸ್ವಲ್ಪ ಅತ್ತಿತ್ತ ಆಡಿ ನಿಂತಿತು. ಹುಟ್ಟಿದಾಗಿನಿಂದ ನಾನು ಯಾವ ಮನುಷ್ಯರ ಅಂಕಿಯನ್ನೂ ಓದಿದವನಲ್ಲ.

"ಮೂವತ್ತನಾಲ್ಕೂವರೆ," ಎಂದೆ, ಕಾರಿಡಾರಿನಲ್ಲಿ ಕೂತಿದ್ದವರಿಗೂ ಕೇಳುವಷ್ಟು ಜೋರಾಗಿ.

ಅವರು ಕಣ್ಣು ತೆರೆದರು. ಇಳಿದರು. ಚಪ್ಪಲಿ ಮೆಟ್ಟಲಿಲ್ಲ. ನನ್ನ ಅಂಗಿಯ ತೋಳನ್ನು ಹಿಡಿದುಕೊಂಡರು.

"ಈಗ ನೀನು ಹತ್ತು."

"ಬೇಡ ಮೇಡಂ. ನಿಮಗೆ ಹುಷಾರಿಲ್ಲ, ಇದೆಲ್ಲ ಯಾಕೆ?"

"ಹತ್ತು ಅಂದೆ."

ಅವರು ಹತ್ತು ಎಂದ ಮೇಲೆ ಹತ್ತದೆ ಇರಲು ನನ್ನ ಕಾಲುಗಳಿಗೆ ಬರುವುದಿಲ್ಲ. ಹತ್ತಿ ನಿಂತೆ. ಅವರು ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ಮುಳ್ಳು ನಿಲ್ಲುವ ತನಕ ಕಾದು ಓದಿದರು. "ಎಪ್ಪತ್ತೊಂದು. ಕೇಳಿಸ್ಕೊಂಡ್ಯೇನಮ್ಮ ನರ್ಸು? ಎಪ್ಪತ್ತೊಂದು. ನೀನು ನೋಡ್ಬೇಡ, ನಾನು ಹೇಳಿದ್ದು ಬರ್ಕೋ. ಲೋಕಪ್ಪ, ವಯಸ್ಸು ಐವತ್ತನಾಲ್ಕು." ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ತಟ್ಟೇಲಿ ಉಣ್ತೀನಿ ಕಣೋ. ಆದ್ರೆ ನಿನಗೆ ಏನಾದ್ರೂ ಆದ್ರೆ ನೋಡ್ಕೊಳ್ಳೋದು ನಾನು. ಆಯ್ತಾ?"

"ಆಯ್ತು ಮೇಡಂ," ಎಂದೆ.

ಡಾಕ್ಟರು ಅವರ ಕತ್ತು ಮುಟ್ಟಿ ನೋಡಿದರು, ಕೈ ಚಾಚಿಸಿ ಬೆರಳುಗಳ ನಡುಕ ನೋಡಿದರು, ರಕ್ತ ತೆಗೆಸಿದರು. ಗಂಟಲಿನ ಗ್ರಂಥಿಯೊಂದು ಮಿತಿ ಮೀರಿ ಕೆಲಸ ಮಾಡುತ್ತಿದೆ, ತಿಂದದ್ದೆಲ್ಲ ಅದಕ್ಕೇ ಹೋಗುತ್ತಿದೆ, ಎಂದರು. ಎದೆ ಹೊಡೆದುಕೊಳ್ಳುವುದು, ಬೆವರು, ಕಾಲಿನ ನಿಶ್ಶಕ್ತಿ ಎಲ್ಲವೂ ಅದರಿಂದಲೇ. ಇನ್ನೂ ಎರಡು ಮೂರು ತಿಂಗಳು ಹೀಗೇ ಬಿಟ್ಟಿದ್ದರೆ ಹೃದಯ ತಡೆಯುತ್ತಿರಲಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಾತ್ರೆ ಬರೆದುಕೊಟ್ಟು, ಪಾಠ ಮಾಡುವುದನ್ನು ನಿಲ್ಲಿಸಿ ಎಂದರು. ಅವರು ಚೇತರಿಸಿಕೊಳ್ಳಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ನಮ್ಮ ಮನೆಯ ಸಾರಿಗೆ ಉಪ್ಪು ಸಾಲದು ಎಂಬುದರಿಂದ ಹಿಡಿದು ನನ್ನ ಅಂಗಡಿಯ ಬೋರ್ಡಿನ ಕಾಗುಣಿತದವರೆಗೆ ಅವರು ತಿದ್ದದೆ ಬಿಟ್ಟ ವಸ್ತುವಿಲ್ಲ. ಈಗ ಮತ್ತೆ ಪಾಠ ಮಾಡುತ್ತಾರೆ. ಊಟ ಮಾತ್ರ ಇವತ್ತಿಗೂ ನಮ್ಮಲ್ಲೇ.

ಆ ಶನಿವಾರದ ಮಾತು ಇನ್ನೂ ಸ್ವಲ್ಪ ಉಳಿದಿದೆ. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದಾಗ ಮೂರೂವರೆ. ದೇವೀರಿ ಊಟ ಮಾಡದೆ ಕಾದಿದ್ದಳು. ಮೂರು ತಟ್ಟೆ ಹಾಕಿ ಅನ್ನ ಬಡಿಸಿದಳು. ಅಂಬುಜಾಕ್ಷಮ್ಮನವರು ತಟ್ಟೆಯ ಮುಂದೆ ಕೂತರು. ಆಮೇಲೆ, ಉಣ್ಣಲು ಶುರುಮಾಡುವ ಮೊದಲೇ ಎಲ್ಲವನ್ನೂ ಹೇಳಿಬಿಡಬೇಕೆಂಬಂತೆ, ಯಂತ್ರ, ನರ್ಸು, ಮೂವತ್ತನಾಲ್ಕೂವರೆ, ಎಪ್ಪತ್ತೊಂದು, ಒಂದನ್ನೂ ಬಿಡದೆ ಹೇಳಿದರು.

ದೇವೀರಿಯ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು.

"ಎಪ್ಪತ್ತೊಂದಾ?" ಎಂದಳು ನನ್ನನ್ನು ನೋಡುತ್ತಾ. "ಇಪ್ಪತ್ತೆಂಟು ವರ್ಷ ಆಯ್ತು. ನೀವು ನನ್ನ ತೂಗಿಲ್ಲ, ನಾನು ನಿಮ್ಮನ್ನ ತೂಗಿಲ್ಲ. ಕೇಳೋಕೂ ಭಯ ನನಗೆ. ಈಗ ಬೇರೆಯವರ ಬಾಯಿಂದ ಗೊತ್ತಾಗ್ಬೇಕಾಯ್ತು."

ನಾನು ತಲೆ ತಗ್ಗಿಸಿದೆ.

ದೇವೀರಿ ಅವರ ತಟ್ಟೆಗೆ ಸಾರು ಬಿಟ್ಟಳು, ನನ್ನದಕ್ಕೂ ಬಿಟ್ಟಳು. ತನ್ನ ತಟ್ಟೆಯನ್ನು ಮುಟ್ಟಲಿಲ್ಲ.

"ಆ ಆಸ್ಪತ್ರೆ ಎಷ್ಟು ಗಂಟೆ ತನಕ ತೆಗ್ದಿರುತ್ತೆ?"

"ಐದೂವರೆ," ಎಂದೆ.

ಗೋಡೆಯ ಗಡಿಯಾರ ನೋಡಿದಳು. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಅಂಬುಜಾಕ್ಷಮ್ಮನವರ ಮುಂದೆ ಅಂಗೈ ಚಾಚಿದಳು. ಅವರು ಕಾರಿನ ಕೀಲಿ ಕೊಟ್ಟರು.

"ಬೇಗ ಉಂಡು ಏಳಿ," ಎಂದಳು ನನಗೆ. "ಗಾಡಿ ನಾನು ಓಡಿಸ್ತೀನಿ."